ಚಿಪ್‌ನ ಯಕೃತ್ತಿಗೆ ಇಲಿಯೇ ಅಳತೆಗೋಲೇ?

ಪ್ರಶ್ನೆ: ಫಾರ್ಮಕಾಲಜಿ ವಿದ್ಯಾರ್ಥಿನಿ, ಶಿವಮೊಗ್ಗ
ಎಂ.ಫಾರ್ಮ್ ಸೆಮಿನಾರ್‌ಗೆ ಆರ್ಗನ್-ಆನ್-ಚಿಪ್ ವಿಷಯ ಆರಿಸಿಕೊಂಡಿದ್ದೇನೆ, ಅಂದರೆ ಮನುಷ್ಯನ ಜೀವಕೋಶಗಳನ್ನು ಬೆಳೆಸಿ ಒಂದು ಅಂಗದಂತೆ ಕೆಲಸ ಮಾಡಿಸುವ ಪುಟ್ಟ ಸಾಧನ. 2023ರಲ್ಲಿ ನಮ್ಮ ಹೊಸ ಔಷಧ ನಿಯಮಗಳಿಗೆ ತಿದ್ದುಪಡಿಯಾಗಿ, ಪ್ರಾಣಿ ಪ್ರಯೋಗದ ಬದಲು ಇಂಥ ಮಾದರಿಗಳನ್ನು ಬಳಸಲು ದಾರಿಯಾಗಿದೆ. ಅದನ್ನು ಹೇಳಿದ ಕೂಡಲೇ ಮಾರ್ಗದರ್ಶಕರು, "ಇಲಿಯಲ್ಲಿ ಬಂದ ಫಲಿತಾಂಶ ಚಿಪ್‌ನಲ್ಲೂ ಬರುತ್ತದೆಂದು ತೋರಿಸು, ಆಮೇಲೆ ಮಾತು" ಎಂದರು. ಇಲಿಗಿಂತ ಉತ್ತಮ ಎಂಬುದಕ್ಕೆ ಇಲಿಯನ್ನೇ ಸಾಕ್ಷಿಗೆ ಕರೆಯುವುದೇ? ಇನ್ನೊಂದು: ಮಂಗನ ಕಾಯಿಲೆಯ ಲಸಿಕೆಯನ್ನೂ ಹೀಗೆ ಪರೀಕ್ಷಿಸಬಹುದೇ ಎಂದು ಸೊರಬದ ನಮ್ಮ ಅಜ್ಜ ಕೇಳುತ್ತಿದ್ದಾರೆ.

ಉತ್ತರ: ನಿವೃತ್ತ ವಿಷವಿಜ್ಞಾನಿ, ಸಾಗರ
ಇಲಿಗೆ ಹೊಂದಿದರೆ ಪಾಸು ಎನ್ನುವುದಾದರೆ ಚಿಪ್ ಏಕೆ, ಇಲಿಯೇ ಸಾಕಲ್ಲ! ಹೋಲಿಕೆ ಮನುಷ್ಯನ ಜೊತೆಗೇ ಆಗಬೇಕು. ಸೆಮಿನಾರ್‌ನಲ್ಲಿ 1993ರ ಫಿಯಾಲುರಿಡಿನ್ ಪ್ರಕರಣವನ್ನು ಬಿಡಬೇಡಿ. ಹೆಪಟೈಟಿಸ್ ಬಿ ಕಾಯಿಲೆಗೆಂದು ತಯಾರಾದ ಆ ಔಷಧದ ಅಪಾಯ ಪ್ರಾಣಿಗಳಲ್ಲಿ ಬಯಲಾಗಲಿಲ್ಲ. ಪ್ರಯೋಗಕ್ಕೆ ಒಳಗಾದ 15 ರೋಗಿಗಳಲ್ಲಿ 5 ಮಂದಿ ತೀರಿಕೊಂಡರು, ಇಬ್ಬರು ಯಕೃತ್ ಕಸಿಯಿಂದ ಬದುಕಿದರು. ಹಾಗಾಗಿ ಮನುಷ್ಯರಲ್ಲಿ ಏನು ಮಾಡಿದವೆಂದು ಈಗಾಗಲೇ ತಿಳಿದಿರುವ ಔಷಧಗಳನ್ನು, ಕೆಟ್ಟವು ಒಳ್ಳೆಯವು ಎರಡನ್ನೂ ಬೆರೆಸಿ, ಪರೀಕ್ಷಕರಿಗೆ ಹೆಸರು ಹೇಳದೆ ಚಿಪ್‌ಗೆ ಹರಿಸಬೇಕು. ಎಮ್ಯುಲೇಟ್ ಕಂಪನಿಯ 2022ರ ಅಧ್ಯಯನದಲ್ಲಿ 870 ಯಕೃತ್ ಚಿಪ್‌ಗಳ ಮೇಲೆ 27 ಔಷಧಗಳ ಪರೀಕ್ಷೆ ನಡೆಯಿತು. ಹಾನಿಕಾರಕಗಳಲ್ಲಿ ಶೇ 87ರಷ್ಟು ಸಿಕ್ಕಿಬಿದ್ದವು, ನಿರಪಾಯಕಾರಿಯಾದ ಒಂದರ ಮೇಲೂ ತಪ್ಪು ಆರೋಪ ಬರಲಿಲ್ಲ. ಅಂಕಿ ಚೆನ್ನಾಗಿದೆ, ಆದರೆ ಚಿಪ್ ತಯಾರಿಸಿದವರೇ ಪರೀಕ್ಷಕರು. ಬೇರೆ ಪ್ರಯೋಗಾಲಯದಲ್ಲಿ, ಬೇರೆ ದಾನಿಗಳ ಜೀವಕೋಶಗಳಲ್ಲಿ ಇದೇ ಫಲ ಬರುವವರೆಗೆ ನಾನು ಚಪ್ಪಾಳೆ ತಟ್ಟುವವನಲ್ಲ.

ಉತ್ತರ: ಬಯೋಮೆಡಿಕಲ್ ಎಂಜಿನಿಯರ್, ತೀರ್ಥಹಳ್ಳಿ
ಚಿಪ್ ಯಾವ ವಸ್ತುವಿನದು ಎಂದೂ ನೋಡಿ. ಹಲವು ಚಿಪ್‌ಗಳು ಪಿಡಿಎಂಎಸ್ ಎಂಬ ಸಿಲಿಕೋನ್‌ನವು. ಕೊಬ್ಬಿನಲ್ಲಿ ಕರಗುವ ಸಣ್ಣ ಅಣುಗಳನ್ನು ಅದು ಹೀರಿಕೊಳ್ಳುತ್ತದೆ. ಔಷಧ ಗೋಡೆಯ ಪಾಲಾದರೆ ಜೀವಕೋಶ ಸುಖವಾಗಿಯೇ ಇರುತ್ತದೆ! ಹೊರಬರುವ ದ್ರವದಲ್ಲಿ ಔಷಧ ಎಷ್ಟು ಉಳಿದಿದೆ ಎಂದು ಅಳೆಯದ ಪ್ರಬಂಧಗಳನ್ನು ನಾನು ಓದುವ ಗೋಜಿಗೇ ಹೋಗುವುದಿಲ್ಲ.

ಪ್ರಶ್ನೆ ಕೇಳಿದವರು
ಧನ್ಯವಾದ ಸರ್. ಅಜ್ಜನಿಗೆ ಏನು ಹೇಳಲಿ?

ಉತ್ತರ: ನಿವೃತ್ತ ವಿಷವಿಜ್ಞಾನಿ, ಸಾಗರ
ಸದ್ಯಕ್ಕೆ ಆಗದು ಎನ್ನಿ. ಲಸಿಕೆ ಕಾಪಾಡುತ್ತದೆಯೇ ಎಂದು ತಿಳಿಯಲು ದುಗ್ಧಗ್ರಂಥಿ, ಮೂಳೆಮಜ್ಜೆ, ರಕ್ತ ಎಲ್ಲವೂ ಸೇರಿ ವಾರಗಟ್ಟಲೆ ನಡೆಸುವ ಕೆಲಸವನ್ನು ನೋಡಬೇಕು. ಯಕೃತ್ತಿನ ಚಿಪ್ ಅದನ್ನು ಹೇಳಲಾರದು. ಯಕೃತ್ತಿಗೆ ಮಾನ್ಯವಾದದ್ದು ಯಕೃತ್ತಿಗಷ್ಟೇ ಮಾನ್ಯ, ಇದನ್ನು ನಿಮ್ಮ ಮಾರ್ಗದರ್ಶಕರಿಗೂ ಹೇಳಿ. ಅಜ್ಜ ದರಗು ತರಲು ಕಾಡಿಗೆ ಹೋಗುವವರಾದರೆ, ಆ ಕಾಯಿಲೆ ಹರಡುವ ಉಣುಗು ಹತ್ತದಂತೆ ಆರೋಗ್ಯ ಇಲಾಖೆಯವರು ಕೊಡುವ ಡೆಪಾ ತೈಲ ಹಚ್ಚಿಕೊಂಡೇ ಹೋಗಲಿ.