‘ಮಾರಿ’: ಮಳೆಯೋ, ಮುಖವೋ, ಮಾರಮ್ಮನೋ?

ಪ್ರಶ್ನೆ:

ಸಾಗರ ತಾಲ್ಲೂಕಿನ ನಮ್ಮೂರ ಮಾರಿಜಾತ್ರೆಗೆ ಸ್ಮರಣ ಸಂಚಿಕೆ ತರುತ್ತಿದ್ದೇವೆ. ಬಂದ ಲೇಖನವೊಂದರಲ್ಲಿ ಹೀಗಿದೆ: ‘ತಮಿಳಿನಲ್ಲಿ ಮಾರಿ ಎಂದರೆ ಮಳೆ. ಯುರೋಪಿನ ಬಾಸ್ಕ್ ಜನರಿಗೂ ಮಾರಿ ಎಂಬ ಬೆಟ್ಟದ ದೇವಿ ಇದ್ದಾಳೆ. ಗುಡುಗು, ಆಲಿಕಲ್ಲು ಎಲ್ಲ ಅವಳ ಕೈಯಲ್ಲಿ. ಆದ್ದರಿಂದ ನಮ್ಮ ಮಾರಿಕಾಂಬೆ ಮೂಲತಃ ಮಳೆದೇವತೆ. ಹಾವೇರಿ ಕಡೆ ಮುಖಕ್ಕೆ ಮಾರಿ ಎನ್ನುವುದೂ ದೇವಿಯ ಮುಖದಿಂದಲೇ ಬಂದದ್ದು.’ ಓದಲು ಚೆಂದವಾಗಿದೆ, ಅಚ್ಚು ಹಾಕಲು ಧೈರ್ಯ ಬರುತ್ತಿಲ್ಲ. ಯಾವುದನ್ನು ಉಳಿಸಬಹುದು, ಯಾವುದನ್ನು ತೆಗೆಯಬೇಕು? ಬಲ್ಲವರು ತಿಳಿಸಿ.

ಉತ್ತರ:

ಮೊದಲ ವಾಕ್ಯ ಸರಿ. ‘ಆದ್ದರಿಂದ’ ಎಂಬಲ್ಲಿಂದ ಮುಂದಿನದು ನಿಲ್ಲುವುದಿಲ್ಲ ಮಾರಾಯ್ರೇ. (ಈ ಮಾರಾಯನಿಗೂ ಮಾರಿಗೂ ಸಂಬಂಧವಿಲ್ಲ, ಇವನು ಮಹಾರಾಯ.)

ಮಾರಿ ಒಂದೇ ಪದ, ಅದಕ್ಕೆ ಹಲವು ಅರ್ಥ ಎಂದುಕೊಂಡಲ್ಲೇ ಎಡವಟ್ಟು ಶುರುವಾಗಿದೆ. ಬೇರೆ ಬೇರೆ ಪದಗಳು ಒಂದೇ ಕಾಗುಣಿತಕ್ಕೆ ಬಂದು ಸೇರಿವೆ, ಅಷ್ಟೆ. ಕನ್ನಡದೊಳಗೇ ನೋಡಿ. ಹೂ ಮಾರುವವಳು ‘ಎರಡು ಮಾರು ಸೇವಂತಿಗೆ ಮಾರಿ ಬಂದೆ’ ಅನ್ನುತ್ತಾಳೆ. ಮೊದಲನೆಯ ಮಾರು ಅಳತೆ: ಎರಡು ಕೈ ಅಗಲಿಸಿದಷ್ಟು, ನಾಲ್ಕು ಮೊಳ, ಸುಮಾರು 6 ಅಡಿ. ಅದರಲ್ಲಿರುವುದು ಸಾದಾ ರ. ಎರಡನೆಯದು ಹಳಗನ್ನಡದಲ್ಲಿ ‘ಮಾಱಿ’, ಅಂದರೆ ಶಕಟರೇಫ (ಈಗ ಬಳಕೆ ತಪ್ಪಿರುವ ಇನ್ನೊಂದು ರಕಾರ, ಱ) ಇರುವ ಪದ. ತಮಿಳು, ಮಲಯಾಳಗಳು ಈ ಎರಡು ರಕಾರಗಳನ್ನು ಬರಹದಲ್ಲಿ ಈಗಲೂ ಬೇರೆಯಾಗಿಯೇ ಇಟ್ಟುಕೊಂಡಿವೆ. ಅಲ್ಲಿ ‘ಮಾಱಿ’ ಎಂದರೆ ಬದಲಾಗಿ. ತೆಲುಗಿನ ‘ಮಾರಿ’ಯ ಅರ್ಥವೂ ಅದೇ, ಆದರೆ ನಮ್ಮ ಹಾಗೆ ಅವರೂ ಹಳೆಯ ಱ ಬಿಟ್ಟು ರ ಬರೆಯುತ್ತಾರೆ. ಕೊಟ್ಟು ಬದಲಿಗೆ ಪಡೆಯುವುದೇ ಮಾರಾಟವಾದ್ದರಿಂದ ಕನ್ನಡದಲ್ಲಿ ಅದು ಅಂಗಡಿಯ ಮಾತಾಯಿತು. ಹಳೆಯ ಅರ್ಥ ನಮ್ಮಲ್ಲೂ ಪೂರ್ತಿ ಅಳಿದಿಲ್ಲ. ಮಾರುವೇಷ, ಮಾರ್ಪಾಡು, ಮಾರ್ದನಿಗಳಲ್ಲಿ ಕೂತಿದೆ. ಇನ್ನು ‘ಕುರಿಮರಿ’ಯ ಮರಿಯೂ ಹಳಗನ್ನಡದಲ್ಲಿ ‘ಮಱಿ’. ಮೊಬೈಲಿನಲ್ಲಿ ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಬರೆಯುವವರು ದೀರ್ಘವನ್ನೂ ನುಂಗಿ ಇವೆಲ್ಲವನ್ನೂ ಒಂದೇ ನಾಲ್ಕು ಅಕ್ಷರಕ್ಕೆ ಇಳಿಸುತ್ತಾರೆ. ಇಂಥ ಲೇಖನಗಳು ಹೆಚ್ಚಾಗಿ ಅಲ್ಲಿಂದಲೇ ಹುಟ್ಟುವುದು.

ಹಾಗಾಗಿ ಯಾರಾದರೂ ‘ಈ ಪದ, ಆ ಪದ ಒಂದೇ’ ಎಂದರೆ ಅರ್ಥಕ್ಕೆ ಹೋಗುವ ಮೊದಲು ಎರಡು ವಿಷಯ ನೋಡಿ: ಮೊದಲ ಸ್ವರ ಹ್ರಸ್ವವೋ ದೀರ್ಘವೋ, ರಕಾರ ಯಾವುದು. ಸ್ವರ ಕಿವಿಗೇ ಗೊತ್ತಾಗುತ್ತದೆ. ರಕಾರಕ್ಕೆ 1894ರ ಕಿಟೆಲ್ ನಿಘಂಟು ತೆಗೆಯಿರಿ, ಅದರಲ್ಲಿ ಱ ಬೇರೆಯಾಗಿಯೇ ಅಚ್ಚಾಗಿದೆ. ಬರೋ ಮತ್ತು ಎಮೆನೋ ಅವರ ದ್ರಾವಿಡ ನಿಘಂಟಿನ 1984ರ ಆವೃತ್ತಿಯಲ್ಲಿ ಆರ್ ಅಕ್ಷರದ ಕೆಳಗೆ ಗೆರೆ ಇದ್ದರೆ ಅದು ಱ. ಹಳಗನ್ನಡ ಪದ್ಯ ಸಿಕ್ಕಿದರೆ ಇನ್ನೂ ಸುಲಭ: ನಮ್ಮ ಪ್ರಾಸ ಬೀಳುವುದು ಎರಡನೆಯ ಅಕ್ಷರದ ಮೇಲೆ, ‘ಮಾರಿ’ಯ ರಿ ಇರುವುದೂ ಅಲ್ಲೇ. ಪದ ಸಾಲಿನ ಮೊದಲಿಗೇ ಬಂದಿದ್ದರೆ ಉಳಿದ ಸಾಲುಗಳ ಎರಡನೆಯ ಅಕ್ಷರ ನೋಡಿದರೆ ಸಾಕು. ನಡುಗನ್ನಡಕ್ಕೆ ಬಂದ ಮೇಲೆ ಈ ಪರೀಕ್ಷೆ ನಂಬಬೇಡಿ, ಅಷ್ಟು ಹೊತ್ತಿಗೆ ರ, ಱ ಬೆರೆತುಹೋಗಿವೆ.

ಈಗ ಮಳೆ. ಸಂಗಮ ಕಾಲದ ತಮಿಳಿನಲ್ಲಿ ಮಾರಿ ಎಂದರೆ ಮಳೆ, ಅದು ಗಟ್ಟಿ. ಮಲಯಾಳದಲ್ಲಿ ‘ಪೇಮಾರಿ’ ಎಂದರೆ ಇಂದಿಗೂ ಧೋ ಎಂದು ಹೊಡೆಯುವ ಮಳೆ. ನಮ್ಮ ಪತ್ರಿಕೆಗಳ ‘ಹೆಮ್ಮಾರಿ’ಯನ್ನು ಅದರ ಪಕ್ಕದಲ್ಲಿಡಿ. ಸದ್ದು ಎಷ್ಟು ಹತ್ತಿರ! ಆದರೆ ಆಗುಂಬೆಯಲ್ಲಿ ಎಂಥ ಮಳೆ ಹೊಡೆದರೂ ಯಾರೂ ‘ಮಾರಿ ಬಂತು’ ಅನ್ನುವುದಿಲ್ಲ. ಯಾರಾದರೂ ಹಾಗೆ ಅಂದರೆ ಅದು ಬೇರೆಯೇ ಸುದ್ದಿ. ‘ಮನೆಗೆ ಮಾರಿ, ಊರಿಗೆ ಉಪಕಾರಿ’ ಎಂಬ ಗಾದೆಯಲ್ಲಿ ಮಾರಿ ಎಂದರೆ ಹಾಳುಮಾಡುವವನು. ‘ಇವತ್ತು ನಿಂಗೆ ಮಾರಿಹಬ್ಬ’ ಎಂದರೆ ಬೆನ್ನಿಗೆ ಬೀಳಲಿದೆ ಎಂದರ್ಥ. ಕನ್ನಡದ ಬಳಕೆಯೆಲ್ಲ ಸಾವು, ಬೇನೆ, ಉಪದ್ರವಗಳ ಸುತ್ತಲೇ ಇದೆ. ಸಂಸ್ಕೃತದ ಮಾರೀ, ಹಿಂದಿಯ ಮಹಾಮಾರಿ ನಿಲ್ಲುವುದೂ ಆ ಕಡೆಗೇ.

ತಮಿಳುನಾಡಿನ ಮಾರಿಯಮ್ಮನನ್ನು ಮಳೆಯೊಂದಿಗೆ ಜೋಡಿಸುವ ವಾದ ಅಲ್ಲಿ ಬಲವಾಗಿದೆ, ಅದಕ್ಕೆ ಅವರ ಭಾಷೆಯಲ್ಲೇ ಆಧಾರವಿದೆ. ನಮ್ಮಲ್ಲಿ ಆ ಆಧಾರವಿಲ್ಲ. ಜಾತ್ರೆಯ ಕಾಲವನ್ನೂ ಗಮನಿಸಿ: ಸಾಗರದ್ದು ಮೂರು ವರ್ಷಕ್ಕೊಮ್ಮೆ, ಶಿರಸಿ ಮತ್ತು ಶಿವಮೊಗ್ಗ ಕೋಟೆಯದ್ದು ಎರಡು ವರ್ಷಕ್ಕೊಮ್ಮೆ, ಎಲ್ಲವೂ ಫೆಬ್ರವರಿ–ಮಾರ್ಚ್ ಆಸುಪಾಸಿನಲ್ಲಿ. ಹಿಂದೆ ಸಿಡುಬು ಏಳುತ್ತಿದ್ದದ್ದೂ ಆ ಒಣಹವೆಯಲ್ಲೇ. ಬಂಗಾಳಿಯಲ್ಲಂತೂ ಅದರ ಹೆಸರೇ ವಸಂತ. ಮಳೆ ಬೇಡಿಕೊಳ್ಳಲೂ ಅದೇ ಕಾಲ ತಾನೇ ಎಂದು ಲೇಖಕರು ಕೇಳಬಹುದು. ಕೇಳಲಿ, ಆದರೆ ಅದು ಆಚರಣೆಯ ಮಾತು, ಪದದ ಮಾತಲ್ಲ.

ಬಾಸ್ಕ್ ದೇವಿ ನಿಜಕ್ಕೂ ಇದ್ದಾಳೆ. ಸ್ಪೇನ್–ಫ್ರಾನ್ಸ್ ಗಡಿಸೀಮೆಯ ಜನರ ನಂಬಿಕೆಯಲ್ಲಿ ಅವಳು ಅನ್ಬೋಟೊ ಬೆಟ್ಟದ ಗುಹೆಯಲ್ಲಿರುತ್ತಾಳೆ, ಬಿರುಗಾಳಿ ಕಳಿಸುತ್ತಾಳೆ. ಆದರೆ ಬಾಸ್ಕ್ ಭಾಷೆಗೆ ಬದುಕಿರುವ ಬಂಧುಭಾಷೆಯೇ ಇಲ್ಲ. ಅದರಲ್ಲಿ ಹ್ರಸ್ವ–ದೀರ್ಘದ ಭೇದವೂ ಇಲ್ಲದ್ದರಿಂದ ಅವಳ ಹೆಸರನ್ನು ಕನ್ನಡದಲ್ಲಿ ‘ಮರಿ’ ಎಂದು ಬರೆದರೂ ಅಷ್ಟೇ ಸರಿ. ‘ಮರಿ’ ಎಂದು ಬರೆದಿದ್ದರೆ ಈ ಲೇಖನ ಹುಟ್ಟುತ್ತಿರಲಿಲ್ಲ! ಅದು ಕ್ರೈಸ್ತರ ಮರಿಯಾ ಹೆಸರಿನಿಂದಲೇ ಬಂದದ್ದು ಎಂಬ ವಾದವೂ ಇದೆ.

ಅರ್ಥ ಹೊಂದಿದರೂ ಮೋಸವಾಗುತ್ತದೆ ಎನ್ನುವುದಕ್ಕೆ ಕೊರಿಯನ್ ಭಾಷೆ ನೋಡಿ. ಅಲ್ಲಿ ಪ್ರಾಣಿಗಳನ್ನು ಎಣಿಸುವಾಗ ಸಂಖ್ಯೆಯ ಮುಂದೆ ‘ಮರಿ’ ಸೇರಿಸಬೇಕು. ‘ಕೆ ತು ಮರಿ’ ಎಂದರೆ ಎರಡು ನಾಯಿ. ನಮ್ಮ ಕಿವಿಗೆ ‘ನಾಯಿ ಎರಡು ಮರಿ’ ಅಂದಂತೆಯೇ! ಆದರೆ ಆ ಪದ ಹಳೆಯ ಕೊರಿಯನ್‌ನಲ್ಲಿ ತಲೆ ಎಂಬರ್ಥದ್ದು. ತಲೆ ಎಣಿಸಿದ ಲೆಕ್ಕ ಅದು. ಮುದಿ ಎತ್ತಿಗೂ ಅಲ್ಲಿ ‘ಮರಿ’ಯೇ. ಹೀಗೆ ಹೊರಟರೆ ಕೊನೆಯಿಲ್ಲ: ಗುಜರಾತಿಯಲ್ಲಿ ಮಾರಿ ಎಂದರೆ ‘ನನ್ನ’ (ಸ್ತ್ರೀಲಿಂಗಕ್ಕೆ), ಇಟಾಲಿಯನ್‌ನಲ್ಲಿ ಸಮುದ್ರಗಳು, ಎಸ್ಟೋನಿಯನ್‌ನಲ್ಲಿ ಬೆರಿಹಣ್ಣು, ಜಪಾನಿಯಲ್ಲಿ ಚೆಂಡು, ಫ್ರೆಂಚಿನಲ್ಲಿ ಗಂಡ. ಸಾಗರದ ದೇವಿಗೆ ಗಂಡನ ಮನೆ, ತವರುಮನೆ ಎರಡೂ ಇರುವುದರಿಂದ ಈ ಕೊನೆಯದನ್ನು ನಿಮ್ಮ ಲೇಖಕರಿಗೆ ತಿಳಿಸದಿರುವುದು ಕ್ಷೇಮ. ಚಹಾದ ಜೊತೆಗಿನ ಮಾರಿ ಬಿಸ್ಕತ್ತು 1874ರಲ್ಲಿ ರಷ್ಯದ ರಾಜಕುಮಾರಿ ಮರಿಯಾಳ ಮದುವೆಗೆಂದು ಲಂಡನ್ನಿನಲ್ಲಿ ಹುಟ್ಟಿದ್ದು.

ಉಳಿದದ್ದು ಮುಖ. ಹಾನಗಲ್ಲು, ಹಿರೇಕೆರೂರಿನವರ ‘ಮಾರಿ ತೊಳ್ಕೋ’, ‘ಮಾರಿ ಸಣ್ಣ ಮಾಡ್ಕೊಂಡ’ ಎಂಬಲ್ಲೆಲ್ಲ ನಮ್ಮ ಕಡೆಯ ‘ಮೋರೆ’ ಹಾಕಿ ನೋಡಿ, ಕೂದಲೆಳೆ ವ್ಯತ್ಯಾಸವಿಲ್ಲದೆ ಕೂರುತ್ತದೆ. ತೊಟ್ಟಿಲ ಕೂಸಿನ ಮುಖವೂ ಮಾರಿಯೇ. ಆ ಮಾತಿನಲ್ಲಿ ದೇವಿಯ ಭಯವಾಗಲಿ ಭಕ್ತಿಯಾಗಲಿ ಇಲ್ಲ. ಸೊರಬ, ಶಿಕಾರಿಪುರದ ಗಡಿಯಲ್ಲಿ ಎರಡು ಮಾರಿಗಳೂ ಒಂದೇ ಸಂತೆಯಲ್ಲಿ ಓಡಾಡುತ್ತವೆ, ಕೇಳುವವರಿಗೆ ಗಲಿಬಿಲಿಯಾಗುವುದಿಲ್ಲ. ಹಾಗಾಗಿ ಆ ವಾಕ್ಯ ತೆಗೆಯಿರಿ.

ಮಳೆಯ ಸಾಲನ್ನು ಹೀಗೆ ತಿದ್ದಬಹುದು: ‘ತಮಿಳಿನಲ್ಲಿ ಮಾರಿ ಎಂಬ ಪದಕ್ಕೆ ಮಳೆ ಎಂಬ ಅರ್ಥವಿದ್ದು, ಅಲ್ಲಿನ ಮಾರಿಯಮ್ಮನನ್ನು ಮಳೆಯೊಂದಿಗೆ ಜೋಡಿಸುವುದುಂಟು, ಕನ್ನಡದಲ್ಲಿ ಈ ಹೆಸರು ಬೇನೆಯನ್ನು ತರುವ ಮತ್ತು ಕಳೆಯುವ ತಾಯಿಗೆ ನಿಂತಿದೆ.’ ಬಾಸ್ಕ್ ದೇವಿಯ ಸಂಗತಿ ಸ್ವಾರಸ್ಯದ್ದೇ. ಪುಟ ಉಳಿದರೆ ಬೇರೆ ಚೌಕಟ್ಟಿನಲ್ಲಿ ಹಾಕಿ, ‘ಹೆಸರು ಒಂದೇ, ನಂಟಿಲ್ಲ’ ಎಂದು ತಲೆಬರಹ ಕೊಡಿ.