ಬೆಂಗಳೂರು, ಕ್ರಾಕೋವ್, ಸಿಯಾಟಲ್: ಎರಡು ವಾರದ ರಿಲೀಸನ್ನು ದಿನಕ್ಕೊಂದಕ್ಕೆ ತರೋದು ಹೇಗೆ?

ಸರ್ವರ್_ಕಟ್ಟೆ (ಪ್ರಶ್ನೆ)

ನಮಸ್ಕಾರ. ಬೆಂಗಳೂರು, ಪೋಲೆಂಡ್‌ನ ಕ್ರಾಕೋವ್, ಅಮೆರಿಕದ ಸಿಯಾಟಲ್ ಹೀಗೆ ಮೂರು ಊರಲ್ಲಿ ಹಂಚಿಹೋಗಿರೋ ಟೀಮ್. ಒಂದೇ ರೆಪೊ (ಎಲ್ಲ ಕೋಡ್ ಇರೋ ಜಾಗ), ಜಾವಾ ಸರ್ವಿಸ್‌ಗಳು, ಅವನ್ನು ಓಡಿಸೋಕೆ ಕುಬರ್ನೆಟಿಸ್, ಹಿಂದೆ ಪೋಸ್ಟ್‌ಗ್ರೆಸ್ ಡೇಟಾಬೇಸ್. ಗ್ರಾಹಕರಲ್ಲಿ ಹೆಚ್ಚಿನವರು ಅಮೆರಿಕದವರು. ಎರಡು ವಾರಕ್ಕೊಮ್ಮೆ ರಿಲೀಸ್ ಬ್ರಾಂಚ್ (ಕೋಡ್‌ನ ಪ್ರತ್ಯೇಕ ಕವಲು) ತೆಗೆದು, ನಾಲ್ಕು ದಿನ ಅದರಲ್ಲಿ ಬಗ್ ಸರಿಮಾಡಿ, ಸಿಯಾಟಲ್‌ನವರು ಒಪ್ಪಿದ ಮೇಲೆ ಪ್ರೊಡಕ್ಷನ್‌ಗೆ (ಗ್ರಾಹಕರು ಬಳಸೋ ಸಿಸ್ಟಮ್‌ಗೆ) ಹೋಗುತ್ತೆ. ಸಿಐ (ಕೋಡ್ ಬದಲಾದಾಗ ತಾನಾಗೇ ಬಿಲ್ಡ್, ಟೆಸ್ಟ್ ಮಾಡೋ ವ್ಯವಸ್ಥೆ) ಒಂದು ಸಲ ಓಡೋಕೆ 50 ನಿಮಿಷ. ದಿನಕ್ಕೊಂದು ರಿಲೀಸ್ ಆಗಬೇಕು ಅನ್ನೋದು ಗುರಿ. ಮೇಲಿನವರ ಸಲಹೆ: ಟೆಸ್ಟರ್‌ಗಳನ್ನು ಹೆಚ್ಚಿಸಿ, ದಿನಾ ರಾತ್ರಿ 10ಕ್ಕೆ ಒಂದು ಕಾಲ್ ಇಡಿ. ಅದರಿಂದ ಆಗುತ್ತೆ ಅನ್ನೋ ನಂಬಿಕೆ ನನಗಿಲ್ಲ. ಮೊದಲು ಯಾವುದಕ್ಕೆ ಕೈ ಹಾಕಬೇಕು?

ಯುಟಿಸಿ_ಗಡಿಯಾರ

ಕೈ ಹಾಕೋ ಮುಂಚೆ ಅಳೆಯಿರಿ. ಇತ್ತೀಚೆಗೆ ಮರ್ಜ್ ಆದ (ಮುಖ್ಯ ಕೋಡ್‌ಗೆ ಸೇರಿದ) 50 ಪಿಆರ್ (ರಿವ್ಯೂಗೆ ಕಳಿಸಿದ ಕೋಡ್ ಬದಲಾವಣೆ) ತೆಗೆದುಕೊಂಡು, ಪ್ರತಿಯೊಂದಕ್ಕೂ ನಾಲ್ಕು ಸಮಯ ಬರೆದಿಡಿ: ಪಿಆರ್ ತೆರೆದದ್ದು, ಮೊದಲ ರಿವ್ಯೂ ಕಾಮೆಂಟ್, ಮರ್ಜ್, ಪ್ರೊಡಕ್ಷನ್. ಇಂಥ ಟೀಮ್‌ಗಳಲ್ಲಿ ದಿನಗಳು ಕರಗೋದು ಹೆಚ್ಚಾಗಿ ಇನ್ನೊಂದು ಊರಿನವರ ಉತ್ತರಕ್ಕೆ ಕಾಯೋದರಲ್ಲಿ.

ಲೆಕ್ಕ ನೋಡಿ. ಸಿಯಾಟಲ್ ನಮಗಿಂತ ಬೇಸಿಗೆಯಲ್ಲಿ 12.5 ಗಂಟೆ, ಚಳಿಗಾಲದಲ್ಲಿ 13.5 ಗಂಟೆ ಹಿಂದೆ. ಸಂಜೆ 5ಕ್ಕೆ ನೀವು ಕಳಿಸಿದ ಪಿಆರ್ ಅಲ್ಲಿನ ಬೆಳಿಗ್ಗೆ, ಅಂದರೆ ನಮ್ಮ ರಾತ್ರಿ 9.30ರ ಮೇಲೆ ಅವರ ಕಣ್ಣಿಗೆ ಬೀಳುತ್ತೆ. ಕಾಮೆಂಟ್ ನಿಮಗೆ ಸಿಗೋದು ಮರುದಿನ. ಹಾಗಾಗಿ ರಿವ್ಯೂನ ಒಂದೊಂದು ಸುತ್ತಿಗೂ ಒಂದು ದಿನ. ಮೂರು ಸುತ್ತು, ನಡುವೆ ಒಂದು ವಾರಾಂತ್ಯ ಬಂದರೆ 20 ಸಾಲಿನ ಬದಲಾವಣೆಗೆ ಐದು ದಿನ. ಕ್ರಾಕೋವ್ ಹಾಗಲ್ಲ, 3.5ರಿಂದ 4.5 ಗಂಟೆ ಮಾತ್ರ ಹಿಂದೆ. ನಮ್ಮ ಮಧ್ಯಾಹ್ನವೆಲ್ಲ ಅವರ ಜೊತೆ ಸಿಗುತ್ತೆ.

ಆದ್ದರಿಂದ ಕೋಡ್‌ಓನರ್ಸ್ ಫೈಲ್ (ಯಾವ ಫೋಲ್ಡರ್‌ನ ಬದಲಾವಣೆಗೆ ಯಾರು ಒಪ್ಪಬೇಕು ಅನ್ನೋ ಪಟ್ಟಿ) ತೆರೆದು ನೋಡಿ. ಯಾವ ಫೋಲ್ಡರ್‌ನ ಒಡೆತನ ಸಿಯಾಟಲ್‌ನವರ ಹತ್ತಿರ ಮಾತ್ರ ಇದೆಯೋ ಅದಕ್ಕೆಲ್ಲ ಬೆಂಗಳೂರು ಅಥವಾ ಕ್ರಾಕೋವ್‌ನಿಂದ ಇಬ್ಬರನ್ನು ಸೇರಿಸಿ. ಗಿಟ್‌ಹಬ್‌ನಲ್ಲಿ ಒಂದೇ ಸಾಲಿನಲ್ಲಿ ಹಲವರ ಹೆಸರಿದ್ದರೆ ಯಾರಾದರೂ ಒಬ್ಬರು ಒಪ್ಪಿದರೆ ಸಾಕು. ಆದರೆ ಒಂದು ಎಚ್ಚರಿಕೆ: ಹೊಂದುವ ಸಾಲುಗಳಲ್ಲಿ ಕೊನೆಯದಕ್ಕೇ ಬೆಲೆ. ಕೆಳಗೆ ಹೊಸ ಸಾಲು ಸೇರಿಸಿದರೆ ಮೇಲಿನ ಓನರ್‌ಗಳು ಆ ಫೋಲ್ಡರ್‌ಗೆ ಸದ್ದಿಲ್ಲದೆ ಬಿಟ್ಟುಹೋಗ್ತಾರೆ.

ಇನ್ನು ಪಿಆರ್ ವಿವರಣೆ. "ಇದು ಸರಿಯಾ?" ಅಂತ ಕೇಳಿದರೆ ಒಂದು ದಿನ ಹೋಯ್ತು. "ಎ ಅಥವಾ ಬಿ, ನನ್ನ ಆಯ್ಕೆ ಎ, ಕಾರಣ ಇಂತಿಂಥದ್ದು, ಬಿ ಬೇಕಿದ್ದರೆ ಅದು ಎರಡನೇ ಕಮಿಟ್‌ನಲ್ಲಿದೆ" ಅಂತ ಬರೆದರೆ ಅವರು ನೋಡಿದ ರಾತ್ರಿಯೇ ಮುಗಿಯುತ್ತೆ.

ರಾತ್ರಿ 10ರ ಕಾಲ್ ಬಗ್ಗೆ: ಅಮೆರಿಕದಲ್ಲಿ ಗಡಿಯಾರ ಬದಲಾಗೋದು ಮಾರ್ಚ್‌ನ ಎರಡನೇ ಭಾನುವಾರ, ಯುರೋಪಿನಲ್ಲಿ ಕೊನೆಯ ಭಾನುವಾರ, ನಮ್ಮಲ್ಲಿ ಬದಲಾಗೋದೇ ಇಲ್ಲ. ಅದರ ಮೇಲೆ ನಿಂತ ಯಾವ ಪದ್ಧತಿಯಾದರೂ ವರ್ಷಕ್ಕೆ ಹಲವು ಸಲ ಅಲುಗಾಡುತ್ತೆ. ರಿಲೀಸ್ ಕಟ್ ಸಮಯವನ್ನು ಯುಟಿಸಿಯಲ್ಲೇ (ಋತುವಿನ ಜೊತೆ ಬದಲಾಗದ ಜಾಗತಿಕ ಸಮಯದಲ್ಲೇ) ಬರೆದಿಡಿ.

ಬಿಲ್ಡ್_ಬಯಲು

ಮೇಲಿನದೆಲ್ಲ ಒಪ್ಪಿದೆ, ಆದರೆ ಸಿಐ ಸರಿಯಾಗದೆ ಅದರ ಫಲ ಸಿಗಲ್ಲ. 50 ನಿಮಿಷ ಅನ್ನೋದಕ್ಕಿಂತ ನನಗೆ ಭಯ ಫ್ಲೇಕಿ ಟೆಸ್ಟ್‌ಗಳದ್ದು. 1000 ಟೆಸ್ಟ್ ಇದ್ದು, ಪ್ರತಿಯೊಂದೂ ಸಾವಿರಕ್ಕೊಮ್ಮೆ ಸುಮ್ಮಸುಮ್ಮನೆ ಬೀಳುತ್ತೆ ಅಂದುಕೊಳ್ಳಿ. ಪೂರ್ತಿ ಓಟ ಹಸಿರಾಗೋ ಸಾಧ್ಯತೆ 37%! ಹತ್ತು ಸಾವಿರಕ್ಕೊಮ್ಮೆಗೆ ಇಳಿಸಿದರೆ 90%. ಬೀಳೋ ಟೆಸ್ಟ್‌ಗಳನ್ನು ಪಟ್ಟಿ ಮಾಡಿ, ತಡೆಯೋ ಗುಂಪಿನಿಂದ ಬೇರೆ ಗುಂಪಿಗೆ ಹಾಕಿ, ಒಡೆಯರ ಹೆಸರು ಬರೆದು, ಎರಡು ವಾರದಲ್ಲಿ ಸರಿಯಾಗದಿದ್ದರೆ ಅಳಿಸಿಬಿಡಿ. ತಾನಾಗೇ ಮೂರು ಸಲ ಮರುಓಡಿಸೋ ಸೆಟ್ಟಿಂಗ್ ಬೇಡ. ನಿಜವಾದ ರೇಸ್ ಕಂಡಿಷನ್‌ಗಳು (ಒಟ್ಟಿಗೆ ಓಡೋ ಕೆಲಸಗಳ ಕ್ರಮ ತಪ್ಪಿ ಆಗೋ ದೋಷಗಳು) ಅದರ ಹಿಂದೆ ಅಡಗಿಕೊಳ್ಳುತ್ತವೆ.

ಆಮೇಲೆ ಟ್ರಂಕ್, ಅಂದರೆ ಎಲ್ಲರ ಕೋಡ್ ಸೇರೋ "ಮೇನ್" ಬ್ರಾಂಚ್. ಸಿಯಾಟಲ್‌ನಲ್ಲಿ ಒಬ್ಬರು ಸಂಜೆ ಮೇನ್ ಒಡೆದು ಮನೆಗೆ ಹೋದರೆ ಬೆಂಗಳೂರಿನ ಇಡೀ ದಿನ ಹಾಳು. ಎರಡು ಮದ್ದು ಬೇಕು. ಒಂದು, ಮರ್ಜ್ ಕ್ಯೂ: ಪ್ರತಿ ಪಿಆರ್ ಅನ್ನೂ ಆ ಹೊತ್ತಿನ ಮೇನ್ ಜೊತೆ ಸೇರಿಸಿ ಪರೀಕ್ಷಿಸಿದ ಮೇಲೇ ಒಳಗೆ ಬಿಡುತ್ತೆ. ಗಿಟ್‌ಹಬ್ ಆಕ್ಷನ್ಸ್ ಬಳಸ್ತಿದ್ದರೆ ವರ್ಕ್‌ಫ್ಲೋನಲ್ಲಿ "ಮರ್ಜ್ ಗ್ರೂಪ್" ಇವೆಂಟ್ ಸೇರಿಸೋದು ಮರೀಬೇಡಿ. ಮರೆತರೆ ಕಡ್ಡಾಯ ಚೆಕ್‌ನ ಫಲಿತಾಂಶ ಬರೋದೇ ಇಲ್ಲ, ಕ್ಯೂ ಟೈಮ್‌ಔಟ್ ಆಗೋವರೆಗೂ ನಿಂತೇ ಇರುತ್ತೆ. ಎರಡು, ರಿವರ್ಟ್ ನಿಯಮ: ಮೇನ್ ಕೆಂಪಾಗಿ 15 ನಿಮಿಷದಲ್ಲಿ ಸರಿಯಾಗದಿದ್ದರೆ ಎಚ್ಚರವಿರೋ ಯಾರು ಬೇಕಾದರೂ, ಬರೆದವರನ್ನು ಕೇಳದೆ, ಆ ಬದಲಾವಣೆಯನ್ನು ರಿವರ್ಟ್ ಮಾಡಬಹುದು (ಹಿಂತೆಗೆಯಬಹುದು). ಇದು ಬರಹದಲ್ಲಿರಬೇಕು, ಇಲ್ಲದಿದ್ದರೆ ಸೀನಿಯರ್‌ಗಳ ಕೋಡ್ ಮುಟ್ಟೋಕೆ ಯಾರೂ ಮುಂದೆ ಬರಲ್ಲ.

ಇವೆರಡೂ ನಿಂತ ಮೇಲೆ ರಿಲೀಸ್ ಬ್ರಾಂಚ್ ಕೈಬಿಡಿ. ನಾಲ್ಕು ದಿನದ ಬಗ್ ತಿದ್ದಾಟ ಬರ್ತಿರೋದೇ ಎರಡು ವಾರದ ಬದಲಾವಣೆ ಒಟ್ಟಿಗೆ ಸೇರೋದರಿಂದ.

ಕ್ಯಾನರಿ_ಗೂಡು

ಎಲ್ಲರೂ ಮಾಡೋ ಒಂದು ತಪ್ಪು ಹೇಳ್ತೀನಿ. ಬೆಂಗಳೂರಿನ ಬೆಳಿಗ್ಗೆ ಅಂದರೆ ಅಮೆರಿಕದಲ್ಲಿ ರಾತ್ರಿ, ಟ್ರಾಫಿಕ್ ಕಡಿಮೆ, ಆದ್ದರಿಂದ ರಿಲೀಸ್‌ಗೆ ಸುರಕ್ಷಿತ ಅಂದುಕೊಳ್ತಾರೆ. ಹಾನಿ ಕಡಿಮೆ ಅನ್ನೋದು ನಿಜ, ಆದರೆ ಕ್ಯಾನರಿಗೆ (ಹೊಸ ವರ್ಷನ್ ಅನ್ನು ಮೊದಲು ಸ್ವಲ್ಪ ಟ್ರಾಫಿಕ್‌ಗೆ ಮಾತ್ರ ಬಿಟ್ಟು ನೋಡೋದಕ್ಕೆ) ಸಾಕ್ಷ್ಯವೂ ಕಡಿಮೆ. ಮಾಮೂಲಿ ದೋಷ ಪ್ರಮಾಣ 0.1% ಇದ್ದು ಅದು 0.2% ಆಗಿದ್ದನ್ನು ಹಿಡೀಬೇಕಾದರೆ (95% ವಿಶ್ವಾಸ, 80% ಪವರ್) ಹಳೇದು, ಹೊಸದು ಎರಡೂ ಕಡೆ ತಲಾ ಸುಮಾರು 23,500 ರಿಕ್ವೆಸ್ಟ್ ಬೇಕು. ಸೆಕೆಂಡಿಗೆ 400 ರಿಕ್ವೆಸ್ಟ್ ಇರೋ ಹೊತ್ತಿನಲ್ಲಿ 5% ಕ್ಯಾನರಿಗೆ ಅದು 20 ನಿಮಿಷದಲ್ಲಿ ಸಿಗುತ್ತೆ. ಸೆಕೆಂಡಿಗೆ 40 ಇರೋ ರಾತ್ರಿಯಲ್ಲಿ ಮೂರು ಗಂಟೆಗೂ ಹೆಚ್ಚು. 15 ನಿಮಿಷ ಕಾದು ಮುಂದಿನ ಹಂತಕ್ಕೆ ಹೋಗೋ ರೋಲ್‌ಔಟ್ ರಾತ್ರಿ ಏನನ್ನೂ ಹಿಡಿಯಲ್ಲ, ಹಸಿರು ಮಾತ್ರ ತೋರಿಸುತ್ತೆ. ಹಂತ ದಾಟೋ ಷರತ್ತನ್ನು ನಿಮಿಷದ ಬದಲು ರಿಕ್ವೆಸ್ಟ್ ಎಣಿಕೆ ಮೇಲೆ ಇಡಿ. ಹೋಲಿಕೆಗೆ ಹಳೇ ವರ್ಷನ್‌ನ ಹೊಸ ಪಾಡ್‌ಗಳನ್ನೇ (ಕುಬರ್ನೆಟಿಸ್‌ನಲ್ಲಿ ಓಡೋ ಸರ್ವಿಸ್‌ನ ಪ್ರತಿಗಳನ್ನೇ) ಎಬ್ಬಿಸಿ; ವಾರದಿಂದ ಓಡ್ತಿರೋ ಪಾಡ್‌ಗಳ ಕ್ಯಾಶ್ ತುಂಬಿರುತ್ತೆ, ಅದರೆದುರು ಹೊಸ ಕೋಡ್ ಯಾವಾಗಲೂ ನಿಧಾನವಾಗೇ ಕಾಣುತ್ತೆ.

ರೋಲ್‌ಬ್ಯಾಕ್ ಹಕ್ಕು (ಹಳೇ ವರ್ಷನ್‌ಗೆ ಮರಳೋ ಹಕ್ಕು) ಮೂರೂ ಊರಲ್ಲಿ ಆನ್‌ಕಾಲ್ ಇರೋರಿಗೆ ಇರಬೇಕು. ಆ ಧೈರ್ಯ ಬರೋದು ಡೇಟಾಬೇಸ್ ಅಡ್ಡ ಬರದಿದ್ದಾಗ. ಕಾಲಮ್ ಹೆಸರು ಬದಲಿಸೋದನ್ನು ಒಂದೇ ರಿಲೀಸ್‌ನಲ್ಲಿ ಮಾಡಬೇಡಿ: ಮೊದಲು ಹೊಸ ಕಾಲಮ್ ಸೇರಿಸಿ, ಮುಂದಿನದರಲ್ಲಿ ಎರಡಕ್ಕೂ ಬರೆಯಿರಿ, ಹಳೇ ಸಾಲುಗಳನ್ನು ತುಂಬಿಸಿ, ಅದರ ಮುಂದಿನದರಲ್ಲಿ ಹೊಸದರಿಂದ ಓದಿ, ಆಮೇಲಿನ ರಿಲೀಸ್‌ನಲ್ಲಿ ಹಳೇದಕ್ಕೆ ಬರೆಯೋದನ್ನು ನಿಲ್ಲಿಸಿ, ಕೊನೆಗೆ ಇನ್ನೊಂದರಲ್ಲಿ ಹಳೇದನ್ನು ಅಳಿಸಿ. ಆಗ ಒಂದು ವರ್ಷನ್ ಹಿಂದಕ್ಕೆ ಹೋಗೋದು ಯಾವ ಹೊತ್ತಿನಲ್ಲೂ ಕ್ಷೇಮ.

ಪೋಸ್ಟ್‌ಗ್ರೆಸ್‌ನಲ್ಲಿ ಆಲ್ಟರ್ ಟೇಬಲ್‌ಗೆ (ಟೇಬಲ್ ರಚನೆ ಬದಲಿಸೋ ಆದೇಶಕ್ಕೆ) ಮುಂಚೆ ಲಾಕ್ ಟೈಮ್‌ಔಟ್ (ಲಾಕ್‌ಗಾಗಿ ಕಾಯೋ ಮಿತಿ) 2 ಸೆಕೆಂಡ್ ಇಡಿ. ಒಂದು ಉದ್ದದ ರಿಪೋರ್ಟ್ ಕ್ವೆರಿ ಓಡ್ತಿದ್ದರೆ ಆಲ್ಟರ್ ಅದರ ಹಿಂದೆ ಕಾಯುತ್ತೆ, ಆಲ್ಟರ್ ಹಿಂದೆ ಆ ಟೇಬಲ್‌ನ ಎಲ್ಲ ಕ್ವೆರಿಗಳೂ ಕಾಯುತ್ತವೆ, ಸೈಟ್ ನಿಂತುಹೋಗುತ್ತೆ. ಇಂಡೆಕ್ಸನ್ನು ಕನ್ಕರೆಂಟ್ಲಿ (ಟೇಬಲ್‌ಗೆ ಬರೆಯೋದನ್ನು ತಡೆಯದೆ) ಕಟ್ಟಿದರೆ ಅದು ಟ್ರಾನ್ಸಾಕ್ಷನ್ ಒಳಗೆ ಓಡಲ್ಲ. ನಡುವೆ ಸೋತರೆ ಇನ್‌ವ್ಯಾಲಿಡ್ ಇಂಡೆಕ್ಸ್ ಉಳಿಯುತ್ತೆ, ಅದನ್ನು ತೆಗೆದು ಮತ್ತೆ ಕಟ್ಟಬೇಕು.

ಸರ್ವರ್_ಕಟ್ಟೆ

ತುಂಬಾ ಉಪಕಾರ. ಎರಡು ಅನುಮಾನ. ಬ್ರಾಂಚ್ ಬಿಟ್ಟರೆ ಅರ್ಧ ಮುಗಿದ ಕೆಲಸ ಫ್ಲ್ಯಾಗ್ (ಕೋಡ್‌ನ ಒಂದು ಭಾಗವನ್ನು ಆನ್, ಆಫ್ ಮಾಡೋ ಸ್ವಿಚ್) ಹಿಂದೆ ಇರಬೇಕಲ್ಲ, ಫ್ಲ್ಯಾಗ್‌ಗಳು ರಾಶಿ ಬೀಳಲ್ವಾ? ಸಿಯಾಟಲ್ ಒಪ್ಪಿಗೆ ಆಡಿಟ್‌ಗೆ ಬೇಕೇ ಬೇಕು ಅಂತಾರೆ, ಅದಕ್ಕೇನು?

ಯುಟಿಸಿ_ಗಡಿಯಾರ

ಆಡಿಟರ್‌ಗಳು ಸಾಮಾನ್ಯವಾಗಿ ಕೇಳೋದು: ಬರೆದವರು ಬೇರೆ, ಒಪ್ಪಿದವರು ಬೇರೆ ಇರಬೇಕು, ಅದಕ್ಕೆ ದಾಖಲೆ ಇರಬೇಕು. ಒಪ್ಪಿದವರು ಯಾವ ಊರಲ್ಲಿದ್ದಾರೆ ಅನ್ನೋದು ಹೆಚ್ಚಾಗಿ ಕಂಪನಿ ತಾನೇ ಹಾಕಿಕೊಂಡ ನಿಯಮ. ಕಡ್ಡಾಯ ರಿವ್ಯೂ, ಪ್ರೊಟೆಕ್ಟೆಡ್ ಬ್ರಾಂಚ್, ಡಿಪ್ಲಾಯ್ ಲಾಗ್ ಮೂರನ್ನೂ ಒಯ್ದು ನಿಮ್ಮ ಕಂಪ್ಲಯನ್ಸ್‌ನವರ ಜೊತೆ ಕೂತು ಮಾತಾಡಿ. ನಿಯಂತ್ರಣದ ಬರಹ ಅವರೇ ತಿದ್ದಬೇಕು.

ಫ್ಲ್ಯಾಗ್ ಬಗ್ಗೆ ನಿಮ್ಮ ಭಯ ನ್ಯಾಯವಾದದ್ದೇ. 2012ರ ಆಗಸ್ಟ್ 1ರಂದು ಅಮೆರಿಕದ ಷೇರು ವಹಿವಾಟು ಕಂಪನಿ ನೈಟ್ ಕ್ಯಾಪಿಟಲ್‌ನಲ್ಲಿ ಹಳೇ ಫ್ಲ್ಯಾಗ್ ಒಂದನ್ನು ಹೊಸ ಕೆಲಸಕ್ಕೆ ಬಳಸಿದ್ದರು. ಎಂಟು ಸರ್ವರ್‌ಗಳಲ್ಲಿ ಒಂದಕ್ಕೆ ಹೊಸ ಕೋಡ್ ಹೋಗಿರಲಿಲ್ಲ, ಅಲ್ಲಿ ಸತ್ತ ಕೋಡ್ ಎದ್ದು ಕೂತಿತು. ಸುಮಾರು 45 ನಿಮಿಷದಲ್ಲಿ 44 ಕೋಟಿ ಡಾಲರ್‌ಗೂ ಹೆಚ್ಚು ನಷ್ಟ. ಹಾಗಾಗಿ ಫ್ಲ್ಯಾಗ್ ಹೆಸರನ್ನು ಎಂದೂ ಮರುಬಳಸಬೇಡಿ. ಫ್ಲ್ಯಾಗ್ ಬದಲಾವಣೆಯನ್ನೂ ಕೋಡ್‌ನಂತೆಯೇ ಹಂತಹಂತವಾಗಿ ಬಿಡಿ. 2024ರ ಜುಲೈ 19ರಂದು ಸೈಬರ್ ಭದ್ರತಾ ಕಂಪನಿ ಕ್ರೌಡ್‌ಸ್ಟ್ರೈಕ್ ಕಳಿಸಿದ್ದು ಬರೀ ಕಾನ್ಫಿಗರೇಶನ್ ಅಪ್‌ಡೇಟ್. 78 ನಿಮಿಷದಲ್ಲಿ ಹಿಂತೆಗೆದರೂ ಮೈಕ್ರೋಸಾಫ್ಟ್ ಅಂದಾಜಿನಂತೆ 85 ಲಕ್ಷ ವಿಂಡೋಸ್ ಯಂತ್ರಗಳಿಗೆ ಪೆಟ್ಟು ಬಿತ್ತು.

ರಾಶಿ ಬೀಳದಿರಲು ಪ್ರತಿ ಫ್ಲ್ಯಾಗ್‌ಗೂ ಒಡೆಯರು ಮತ್ತು ಕೊನೆಯ ದಿನಾಂಕವನ್ನು ಕೋಡ್‌ನಲ್ಲೇ ಬರೆಯಿರಿ. ದಿನಾಂಕ ದಾಟಿದರೆ ಇಡೀ ಬಿಲ್ಡ್ ಬೀಳೋ ಹಾಗೆ ಮಾತ್ರ ಮಾಡಬೇಡಿ: ಸಿಯಾಟಲ್‌ನವರ ಫ್ಲ್ಯಾಗ್ ಅವಧಿ ಮುಗಿದು ಬೆಂಗಳೂರಿನ ಬೆಳಗಿನ ರಿಲೀಸ್ ನಿಲ್ಲುತ್ತೆ. ಆ ಟೀಮ್ ಹೊಸ ಫ್ಲ್ಯಾಗ್ ಸೇರಿಸೋ ಪಿಆರ್ ಅನ್ನು ಮಾತ್ರ ತಡೆಯಿರಿ.