ಚೆರ್ರಿ ಕಾಬ್ಲರ್ ಮಾಡಿದೆ, ಕೆಳಗೆ ಸಾರು, ಮೇಲೆ ಹಸಿ ಹಿಟ್ಟು. ಎಲ್ಲಿ ತಪ್ಪಿದೆ?

ತುಂಗೆ_ಮಿಶಿಗನ್:

ಎಲ್ಲರಿಗೂ ನಮಸ್ಕಾರ. ಅಮೆರಿಕದ ಮಿಶಿಗನ್‌ನಲ್ಲಿ, ಗ್ರ್ಯಾಂಡ್ ರ‍್ಯಾಪಿಡ್ಸ್ ಹತ್ತಿರ ಇದ್ದೇವೆ. ಹೋದ ಶನಿವಾರ ಟ್ರಾವರ್ಸ್ ಸಿಟಿ ಕಡೆ ಹೋಗಿದ್ದೆವು. ಅಲ್ಲಿ ನಾವೇ ಹಣ್ಣು ಕಿತ್ತು ತೂಕ ಹಾಕಿಸಿ ತರುವ ತೋಟಗಳಿವೆಯಲ್ಲ, ಅಂಥದ್ದೊಂದಕ್ಕೆ ನುಗ್ಗಿದೆವು. ಮಾಂಟ್‌ಮೊರೆನ್ಸಿ ಅನ್ನುವ ಹುಳಿ ಚೆರ್ರಿ. ಊರಿಂದ ಅತ್ತೆ ಬಂದಿದ್ದಾರೆ. ಅವರಿಗೆ ಕೈಗೆಟುಕುವ ಕೊಂಬೆಯಲ್ಲಿ ಹಣ್ಣು ಕಂಡಿದ್ದೇ ಸಾಕಾಯಿತು, ಬೇಡ ಬೇಡ ಅಂದರೂ ಬಕೆಟ್ ತುಂಬಾ ಕಿತ್ತರು. 9 ಪೌಂಡ್ ಆಯಿತು. ಹಸಿಯಾಗಿ ತಿನ್ನೋಣ ಅಂದರೆ ಹುಣಸೆಹಣ್ಣು ಚೀಪಿದ ಹಾಗೆ ಕಣ್ಣು ಮುಚ್ಚಿಹೋಗುತ್ತದೆ.

ಸರಿ, ಕಾಬ್ಲರ್ ಮಾಡೋಣ ಅಂದುಕೊಂಡೆ, ಅದೇ ಹಣ್ಣಿನ ಮೇಲೆ ಹಿಟ್ಟು ಹಾಕಿ ಅವನ್‌ನಲ್ಲಿ ಬೇಯಿಸುವ ಸಿಹಿ. ಅತ್ತೆ ಮೊಟ್ಟೆ ತಿನ್ನಲ್ಲ, ಇದಕ್ಕೆ ಮೊಟ್ಟೆ ಬೇಕಾಗಿಲ್ಲ ಅಂತ ಕೇಳಿದ್ದೆ. ಬೀಜ ತೆಗೆದ ಹಣ್ಣು 5 ಕಪ್, ಸಕ್ಕರೆ 1 ಕಪ್, ಕಾರ್ನ್‌ಫ್ಲೋರ್ 3 ಟೇಬಲ್ ಚಮಚ ಕಲಸಿ ಫ್ರಿಜ್‌ನಲ್ಲಿ ಇಟ್ಟೆ. ಮೇಲಿನ ಹಿಟ್ಟಿಗೆ ಮೈದಾ ಒಂದೂವರೆ ಕಪ್, ಬೇಕಿಂಗ್ ಪೌಡರ್ 2 ಟೀ ಚಮಚ, ಬೆಣ್ಣೆ 6 ಟೇಬಲ್ ಚಮಚ, ಒಂದಿಷ್ಟು ಸಕ್ಕರೆ, ಚಿಟಿಕೆ ಉಪ್ಪು, ಮುಕ್ಕಾಲು ಕಪ್ ಮಜ್ಜಿಗೆ. ಹಣ್ಣು ಫ್ರಿಜ್‌ನಿಂದ ತೆಗೆದು ಆಳದ ಗಾಜಿನ ಪಾತ್ರೆಗೆ ಹಾಕಿದೆ. ಹಿಟ್ಟನ್ನು ದಪ್ಪ ರೊಟ್ಟಿಯ ಹಾಗೆ ತಟ್ಟಿ ಪೂರ್ತಿ ಮುಚ್ಚಿದೆ. 350 ಡಿಗ್ರಿ ಫ್ಯಾರನ್‌ಹೀಟ್, 35 ನಿಮಿಷ.

ಮೇಲೆ ಏನು ಬಣ್ಣ ಅಂತೀರಿ! ಫೋಟೋ ತೆಗೆದು ಊರಿಗೆಲ್ಲ ಕಳಿಸಿಯೂ ಆಯಿತು. ಚಮಚ ಹಾಕಿದಾಗ ಗೊತ್ತಾಯಿತು ನೋಡಿ. ಮೇಲಿನ ಕಾಲು ಇಂಚು ಬೆಂದಿದೆ, ಅದರ ಕೆಳಗೆ ಅಂಟು ಅಂಟು ಹಸಿ ಹಿಟ್ಟು, ಅದರ ಕೆಳಗೆ ಕೆಂಪು ನೀರು. ಜೊತೆಗೆ ಹಿಟ್ಟುಹಿಟ್ಟಾದ ಹಸಿ ವಾಸನೆ ಬೇರೆ. ಅತ್ತೆ ಏನೂ ಅನ್ನಲಿಲ್ಲ, "ಲೋಟದಲ್ಲಿ ಕೊಡು, ಕುಡಿಯುತ್ತೇನೆ" ಅಂದರು. ಇನ್ನೂ 5 ಪೌಂಡ್‌ನಷ್ಟು ಹಣ್ಣು ಉಳಿದಿದೆ, ಹುಳಿ ಚೆರ್ರಿ ಫ್ರಿಜ್‌ನಲ್ಲೂ ಜಾಸ್ತಿ ದಿನ ಇರಲ್ಲ ಅಂತ ತೋಟದವರು ಹೇಳಿದ್ದಾರೆ. ಬೇಗ ಹೇಳಿ.

ಬಿಸಿಬೇಳೆ_ಹ್ಯೂಸ್ಟನ್:

ರೊಟ್ಟಿ ತಟ್ಟಿ ಮುಚ್ಚೋದೆಲ್ಲ ಯಾಕೆ ಬೇಕಿತ್ತು ಮೇಡಂ, ಇಲ್ಲಿ ನಮ್ಮ ಕಡೆ ಮಾಡುವ ಸೋಮಾರಿ ವಿಧಾನ ಕೇಳಿ. 1 ಕಪ್ ಮೈದಾ, 1 ಕಪ್ ಸಕ್ಕರೆ, 1 ಕಪ್ ಹಾಲು, ಒಂದೂವರೆ ಟೀ ಚಮಚ ಬೇಕಿಂಗ್ ಪೌಡರ್, ಚೂರು ಉಪ್ಪು. ದೋಸೆ ಹಿಟ್ಟಿನಷ್ಟು ತೆಳ್ಳಗಿರುತ್ತದೆ. ಒಂದು ಸ್ಟಿಕ್ (ಅರ್ಧ ಕಪ್) ಬೆಣ್ಣೆಯನ್ನು ಪಾತ್ರೆಗೆ ಹಾಕಿ ಅವನ್‌ನಲ್ಲೇ ಕರಗಿಸಿ, ಆ ಬಿಸಿ ಬೆಣ್ಣೆ ಮೇಲೆ ಹಿಟ್ಟು ಸುರಿಯಿರಿ, ಅದರ ಮೇಲೆ ಹಣ್ಣು ಹರಡಿ. ಕಲಸಬೇಡಿ. ನಿಜವಾಗಿ ಕಲಸಬೇಡಿ, ನಾನು ಮೊದಲ ಸಲ ಕೈ ಸುಮ್ನಿರದೆ ಕಲಸಿ ಕೆಡಿಸಿದ್ದೇನೆ. 350ಕ್ಕೆ 45-50 ನಿಮಿಷ. ಹಿಟ್ಟು ತಾನೇ ಉಬ್ಬಿ ಹಣ್ಣಿನ ಮೇಲೆ ಬರುತ್ತದೆ, ಅಂಚೆಲ್ಲ ಬೆಣ್ಣೆಯಲ್ಲಿ ಕರಿದ ಹಾಗೆ ಗರಿಗರಿ. ಇದಕ್ಕೂ ಮೊಟ್ಟೆ ಬೇಡ. ಹಣ್ಣು 3 ಕಪ್ ಮೀರಬಾರದು ಅಷ್ಟೇ, ಮೀರಿದರೆ ಹಿಟ್ಟು ಮೇಲೇಳುವುದಕ್ಕೆ ಆಗದೆ ಅಡಿಯಲ್ಲೇ ಕೂತುಬಿಡುತ್ತದೆ.

ಹಳೇ_ಡೆಟ್ರಾಯಿಟ್:

ತುಂಗೆ, ಬೇರೇನೂ ಮಾತಾಡುವ ಮೊದಲು ಒಂದು ವಿಷಯ ಹೇಳು ತಂಗಿ. ಆ ಕಾರ್ನ್‌ಫ್ಲೋರ್ ಪ್ಯಾಕೆಟ್ ಎಲ್ಲಿ ತಂದದ್ದು, ಇಂಡಿಯನ್ ಅಂಗಡಿಯದೋ ಇಲ್ಲಿಯ ಸೂಪರ್ ಮಾರ್ಕೆಟ್ಟಿನದೋ? ಹಿಟ್ಟು ಬಿಳಿಯೋ ಹಳದಿಯೋ?

ತುಂಗೆ_ಮಿಶಿಗನ್:

ಸೂಪರ್ ಮಾರ್ಕೆಟ್ಟಿನದು. ಹಳದಿ. ಯಾಕೆ ಅಕ್ಕ?

ಹಳೇ_ಡೆಟ್ರಾಯಿಟ್:

ಅಂದುಕೊಂಡೆ. 26 ವರ್ಷದ ಹಿಂದೆ ನಾನೂ ಇದೇ ಗುಂಡಿಗೆ ಬಿದ್ದಿದ್ದೆ, ಆಗ ಗೋಬಿ ಮಂಚೂರಿ ಹಾಳಾಗಿತ್ತು. ನಮ್ಮೂರಲ್ಲಿ ಕಾರ್ನ್‌ಫ್ಲೋರ್ ಅಂದರೆ ಮುಟ್ಟಿದರೆ ಕಿರುಗುಟ್ಟುವ ಆ ಬಿಳಿ ಪುಡಿ, ಅಲ್ವಾ? ಅದಕ್ಕೆ ಇಲ್ಲಿ ಕಾರ್ನ್‌ಸ್ಟಾರ್ಚ್ ಅನ್ನುತ್ತಾರೆ. ಇಲ್ಲಿ ಕಾರ್ನ್‌ಫ್ಲೋರ್ ಅಂತ ಬರೆದಿದ್ದರೆ ಅದು ಬರೀ ಮೆಕ್ಕೆಜೋಳದ ಹಿಟ್ಟು, ನುಣ್ಣಗೆ ಬೀಸಿದ್ದು. ರೊಟ್ಟಿ ತಟ್ಟಬಹುದು, ರಸ ಗಟ್ಟಿ ಮಾಡುವ ಶಕ್ತಿ ಅದಕ್ಕೆ ಅಷ್ಟಿಲ್ಲ. ನಿನ್ನ ಹಸಿ ವಾಸನೆಯೂ ಅದರದ್ದೇ ಇರಬೇಕು.

ಆದರೆ ಬಿಳಿ ಹಿಟ್ಟೇ ಹಾಕಿದ್ದರೂ ಈ ಸಲ ಪೂರ್ತಿ ಸರಿಹೋಗುತ್ತಿರಲಿಲ್ಲ. ರಾಗಿ ಅಂಬಲಿ ಕಾಯಿಸಿದ್ದೀಯಲ್ಲ, ಕುದಿ ಬರುವವರೆಗೆ ಬರೀ ನೀರು, ಕುದಿ ಬಂದ ಮೇಲೆ ಒಂದೇ ಸಲಕ್ಕೆ ಗಟ್ಟಿ. ಇದೂ ಹಾಗೇ. ಹಣ್ಣಿನ ರಸ ನಡುಭಾಗದಲ್ಲೂ ಗುಳುಗುಳು ಕುದಿಯಬೇಕು. ನೀನು ಫ್ರಿಜ್‌ನಿಂದ ತೆಗೆದ ತಣ್ಣನೆ ಹಣ್ಣನ್ನು ಆಳದ ಪಾತ್ರೆಗೆ ಹಾಕಿ, ಮೇಲೆ ರಗ್ಗು ಹೊದಿಸಿದ ಹಾಗೆ ಹಿಟ್ಟು ಮುಚ್ಚಿ, 35 ನಿಮಿಷಕ್ಕೆ ತೆಗೆದಿದ್ದೀಯ. ಹಣ್ಣಿಗೆ ಬಿಸಿ ತಟ್ಟುವಷ್ಟರಲ್ಲಿ ಮೇಲೆ ಕೆಂಪಾಗಿ ನಿನಗೆ ಮೋಸ ಆಯಿತು. ಹಿಟ್ಟಿನ ಕೆಳಭಾಗ ಬೇಯೋದು ಮೇಲಿನ ಶಾಖದಿಂದ ಅಲ್ಲ, ಕೆಳಗಿನ ಹಣ್ಣಿನ ಬಿಸಿಯಿಂದ, ಹಬೆಯಲ್ಲಿ ಕಡುಬು ಬೆಂದ ಹಾಗೆ. ಕೆಳಗೆ ತಣ್ಣಗಿದ್ದರೆ ಕಡುಬು ಎಲ್ಲಿ ಬೇಯಬೇಕು?

ನಾನು ಮಾಡೋದು ಹೀಗೆ. 5 ಕಪ್ ಹಣ್ಣು, 1 ಕಪ್ ಸಕ್ಕರೆ, 3 ಟೇಬಲ್ ಚಮಚ ಕಾರ್ನ್‌ಸ್ಟಾರ್ಚ್, ಚಿಟಿಕೆ ಉಪ್ಪು ಎಲ್ಲ ಬಾಣಲೆಗೆ ಹಾಕಿ ಒಲೆ ಮೇಲೆ ಇಡು. ಮೊದಲು ಮಬ್ಬು ಮಬ್ಬು ಗುಲಾಬಿ ನೀರು ಬಿಡುತ್ತದೆ, ಹೆದರಬೇಡ. ಕುದಿ ಬಂದು ಒಂದೆರಡು ನಿಮಿಷಕ್ಕೆ ಆ ಮಬ್ಬು ಹೋಗಿ ಗಾಜಿನ ಹಾಗೆ ಹೊಳೆಯುವ ಕೆಂಪು ಬರುತ್ತದೆ, ಸೌಟಿನ ಬೆನ್ನಿಗೆ ಅಂಟಿ ನಿಲ್ಲುತ್ತದೆ. ಅಲ್ಲಿಗೆ ಇಳಿಸು. ಕಾಲು ಟೀ ಚಮಚ ಬಾದಾಮಿ ಎಸೆನ್ಸ್ ಹಾಕು, ಅದಕ್ಕಿಂತ ಒಂದು ತೊಟ್ಟೂ ಜಾಸ್ತಿ ಬೇಡ. ಚೆರ್ರಿ, ಬಾದಾಮಿ ಎರಡೂ ಒಂದೇ ಕುಲದ ಮರಗಳು, ಅದಕ್ಕೇ ಇರಬೇಕು ಒಂದನ್ನೊಂದು ಎತ್ತಿ ಕೊಡುತ್ತವೆ. 9 ಇಂಚಿನ ಚೌಕದ ಪಾತ್ರೆ ಸಾಕು.

ಹಣ್ಣು ಒಲೆ ಮೇಲಿದ್ದಾಗಲೇ ಹಿಟ್ಟು ಮಾಡಿಕೋ. ನಿನ್ನ ಅಳತೆ ಸರಿ ಇದೆ, ಮಜ್ಜಿಗೆ ಹಾಕುತ್ತಿರುವುದರಿಂದ ಕಾಲು ಟೀ ಚಮಚ ಅಡುಗೆ ಸೋಡಾ ಸೇರಿಸು. ನಿಪ್ಪಟ್ಟಿಗೆ ಬಿಸಿ ಎಣ್ಣೆ ಹಾಕಿ ಉಜ್ಜುತ್ತೇವಲ್ಲ, ಇಲ್ಲಿ ತದ್ವಿರುದ್ಧ. ಬೆಣ್ಣೆ ಕಲ್ಲಿನಂತೆ ತಣ್ಣಗಿರಬೇಕು. ಬೆರಳ ತುದಿಯಲ್ಲಿ ಬೇಗ ಬೇಗ ಉಜ್ಜಬೇಕು, ಅಲ್ಲಲ್ಲಿ ಬಟಾಣಿ ಗಾತ್ರದ ಚೂರು ಉಳಿದರೆ ಒಳ್ಳೆಯದೇ. ಮಜ್ಜಿಗೆ ಹಾಕಿ ಹತ್ತು ಸುತ್ತು ಕಲಸಿ ಬಿಡು, ಚಪಾತಿ ಹಿಟ್ಟಿನ ಹಾಗೆ ನಾದಿದರೆ ಚಪಾತಿಯೇ ಆಗುತ್ತದೆ. ಹಣ್ಣು ಬಿಸಿ ಬಿಸಿ ಇರುವಾಗಲೇ ಪಾತ್ರೆಗೆ ಸುರಿದು, ಹಿಟ್ಟನ್ನು ಬೋಂಡಾ ಬಿಟ್ಟ ಹಾಗೆ ಚಮಚದಲ್ಲಿ ಬಿಡು. ನಡುವೆ ಜಾಗ ಇರಲಿ, ಹಬೆ ಹೊರಗೆ ಹೋಗಬೇಕು. ಹೀಗೆ ಉಬ್ಬು ಉಬ್ಬಾಗಿ ಕಲ್ಲು ಹಾಸಿದ ಬೀದಿಯ ಹಾಗೆ ಕಾಣೋದಕ್ಕೇ ಕಾಬ್ಲರ್ ಅಂತ ಹೆಸರು ಬಂತು ಅಂತಲೂ ಹೇಳುತ್ತಾರೆ. 400 ಡಿಗ್ರಿ ಫ್ಯಾರನ್‌ಹೀಟ್, 25ರಿಂದ 30 ನಿಮಿಷ. ಬಣ್ಣ ನೋಡಿ ತೆಗೆಯಬೇಡ, ಮಧ್ಯದ ಉಂಡೆಯೊಂದನ್ನು ಚಮಚದಲ್ಲಿ ಎತ್ತಿ ಕೆಳಗೆ ನೋಡು. ಕೆಳಗೆ ಒಂದು ತಟ್ಟೆ ಇಡೋದು ಮರೆಯಬೇಡ, ರಸ ಉಕ್ಕಿ ಅವನ್‌ಗೆ ಬಿದ್ದರೆ ಉಜ್ಜಿ ಉಜ್ಜಿ ಸಾಕಾಗುತ್ತದೆ.

ಆಮೇಲೆ ಅರ್ಧ ಗಂಟೆ ಮುಟ್ಟಬೇಡಿ. ಆರಿದ ಹಾಗೆ ಇನ್ನೂ ಗಟ್ಟಿಯಾಗುತ್ತದೆ.

ಉಳಿದ ಹಣ್ಣಿನ ಬೀಜ ತೆಗೆದು ತಟ್ಟೆ ಮೇಲೆ ಹರಡಿ ಫ್ರೀಜರ್‌ಗೆ ಹಾಕು, ಗಟ್ಟಿಯಾದ ಮೇಲೆ ಚೀಲಕ್ಕೆ ತುಂಬು. ಚಳಿಗಾಲದಲ್ಲಿ ನೆನಪಾಗುತ್ತದೆ. ಈ ಹಣ್ಣನ್ನು ನಂಬಿ ಕೂರೋಕಾಗಲ್ಲ ನೋಡು. 2012ರಲ್ಲಿ ಮಾರ್ಚ್‌ನಲ್ಲೇ ಬೇಸಿಗೆಯಂಥ ಬಿಸಿಲು ಬಂದು ಮರಗಳೆಲ್ಲ ಬೇಗ ಚಿಗುರಿ ಹೂಬಿಟ್ಟವು. ಆಮೇಲೆ ಇಬ್ಬನಿ ಹೆಪ್ಪುಗಟ್ಟುವ ಚಳಿ ಬಂತು. ಮಿಶಿಗನ್ನಿನ ಹುಳಿ ಚೆರ್ರಿ ಬೆಳೆಯಲ್ಲಿ ಸುಮಾರು 90% ಹೋಯಿತು. ಆ ವರ್ಷ ನಾನು ಸೇಬಿನಲ್ಲೇ ಕಾಬ್ಲರ್ ಮಾಡಿದ್ದು.

ಓಟಿಜಿ_ಬಸವನಗುಡಿ:

ಮಧ್ಯೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ನಮಗೆ ಬೆಂಗಳೂರಲ್ಲಿ ಹುಳಿ ಚೆರ್ರಿ ಕಣ್ಣಿಗೂ ಬೀಳಲ್ಲ. ಮೇ-ಜೂನ್‌ನಲ್ಲಿ ಕಾಶ್ಮೀರದ ಚೆರ್ರಿ ಸಣ್ಣ ಡಬ್ಬಿಗಳಲ್ಲಿ ಬರುತ್ತದೆ, ಕಡು ಕೆಂಪು, ಸಿಹಿ. ಅದರಲ್ಲಿ ಜೂನ್‌ನಲ್ಲಿ ಒಮ್ಮೆ ಮಾಡಿದೆ, ಇದೇ ಬೋಂಡಾ ವಿಧಾನ. ರುಚಿ ಪರವಾಗಿಲ್ಲ, ಸ್ವಲ್ಪ ಸಪ್ಪೆ ಸಿಹಿ. ಆದರೆ ಹಿಟ್ಟಿಗೆ ರಸ ತಾಗಿದ ಕಡೆಯೆಲ್ಲ ನೀಲಿ-ಹಸಿರು ಕಲೆ! ಬೂಷ್ಟು ಬಂದಿದೆ ಅಂತ ಮಗ ತಟ್ಟೆ ತಳ್ಳಿದ. ಅವತ್ತೇ ಮಾಡಿದ್ದು, ಬೂಷ್ಟು ಹೇಗೆ ಬರುತ್ತದೆ? ಮೊಸರಿರಲಿಲ್ಲ, ಹಾಲು ಹಾಕಿದ್ದೆ, ಸೋಡಾ ಒಂದು ಟೀ ಚಮಚ.

ಇನ್ನೊಂದು, ಇಲ್ಲಿ ಯಾರಾದರೂ ಓದುತ್ತಿದ್ದರೆ ಎಚ್ಚರಿಕೆ. ಬೇಕರಿ ಸಾಮಾನಿನ ಅಂಗಡಿಯಲ್ಲಿ ಸಿಗುವ ಮಿರಿಮಿರಿ ಕೆಂಪು "ಚೆರ್ರಿ" ತಂದು ಕಾಬ್ಲರ್ ಮಾಡಲು ಹೋಗಬೇಡಿ. ಅದರಲ್ಲಿ ಎಷ್ಟೋ ಚೆರ್ರಿಯೇ ಅಲ್ಲ, ನಮ್ಮ ಕವಳಿಕಾಯಿಗೆ ಬಣ್ಣ ಹಾಕಿ ಸಕ್ಕರೆ ಪಾಕದಲ್ಲಿ ನೆನೆಸಿದ್ದು. ಬೇಯಿಸಿದರೆ ರಸವೂ ಬಿಡಲ್ಲ, ಏನೂ ಇಲ್ಲ.

ಲ್ಯಾಬ್‌ಕೋಟು:

ಬೂಷ್ಟಲ್ಲ, ಸೋಡಾದ ಆಟ. ಅರಿಶಿನದ ಕಲೆಗೆ ಸೋಪು ಹಚ್ಚಿದರೆ ಕೆಂಪಾಗುತ್ತದಲ್ಲ, ಅದೇ ಥರ. ಕಡು ಬಣ್ಣದ ಚೆರ್ರಿಯಲ್ಲಿರೋದು ಆಂಥೋಸಯನಿನ್ ಅನ್ನುವ ಬಣ್ಣದ ಅಂಶ. ಹುಳಿ ಸಿಕ್ಕರೆ ಕೆಂಪು, ಕ್ಷಾರ ಸಿಕ್ಕರೆ ನೀಲಿ, ಹಸಿರಿನ ಕಡೆ ತಿರುಗುತ್ತದೆ. ಒಂದು ಟೀ ಚಮಚ ಸೋಡಾ ಹಾಕಿ ಅದಕ್ಕೆ ಎದುರಾಗಿ ಹುಳಿ ಪದಾರ್ಥ ಏನೂ ಹಾಕಿಲ್ಲ, ಅದು ಇನ್ನೇನು ಮಾಡಬೇಕು ಪಾಪ. ತಿಂದರೆ ಏನೂ ಆಗಲ್ಲ, ಸೋಡಾ ರುಚಿ ಬಾಯಿಗೆ ಬರಬಹುದು ಅಷ್ಟೇ. ಮುಂದಿನ ಸಲ ಹಾಲಿಗೆ ಬೇಕಿಂಗ್ ಪೌಡರ್, ಮೊಸರಿಗಾದರೆ ಕಾಲು ಟೀ ಚಮಚ ಸೋಡಾ. ಹಣ್ಣಿಗೆ 2 ಟೇಬಲ್ ಚಮಚ ನಿಂಬೆರಸ ಹಿಂಡಿ, ಸಕ್ಕರೆ ಅರ್ಧಕ್ಕೆ ಇಳಿಸಿ, ಸಪ್ಪೆ ಸಿಹಿಗೂ ಅದೇ ಮದ್ದು. ಮಾಂಟ್‌ಮೊರೆನ್ಸಿಯವರಿಗೆ ಈ ಕಾಟ ಕಡಿಮೆ, ಅದರ ಬಣ್ಣವೆಲ್ಲ ಸಿಪ್ಪೆಯಲ್ಲಿ, ಒಳಗಿನ ತಿರುಳು ಬಿಳಿ-ಹಳದಿ.

ಓಟಿಜಿಯಲ್ಲಿ (ಮೇಜಿನ ಮೇಲಿಡುವ ಸಣ್ಣ ಕರೆಂಟ್ ಅವನ್) ಮೇಲಿನ ರಾಡ್ ಹತ್ತಿರ ಇರುತ್ತದೆ, ಬೇಗ ಕರಕಲಾಗುತ್ತದೆ. 190 ಡಿಗ್ರಿ ಸೆಲ್ಸಿಯಸ್ ಸಾಕು. ಬಣ್ಣ ಬಂದ ತಕ್ಷಣ ಫಾಯಿಲ್ ಹೊದಿಸಿ ಮುಂದುವರಿಸಿ.

ಓಟಿಜಿ_ಬಸವನಗುಡಿ:

ಅಯ್ಯೋ, ನಾನು ಪೂರ್ತಿ ಎಸೆದುಬಿಟ್ಟೆನಲ್ಲ ಸರ್. ಅರ್ಧ ಕೆಜಿ ಹಣ್ಣು! ಮಗನಿಗೆ ಇದನ್ನು ಓದಿಸುತ್ತೇನೆ.

ಬಿಸಿಬೇಳೆ_ಹ್ಯೂಸ್ಟನ್:

ಬೀಜ ತೆಗೆಯೋದಕ್ಕೆ ಏನು ಬಳಸುತ್ತೀರಿ ಎಲ್ಲರೂ? ನಾನು ಖಾಲಿ ಬಾಟಲಿ ಬಾಯಿಗೆ ಹಣ್ಣು ಇಟ್ಟು ಚಾಪ್‌ಸ್ಟಿಕ್‌ನಲ್ಲಿ ಚುಚ್ಚುತ್ತೇನೆ, ಬೀಜ ಬಾಟಲಿಗೆ ಬೀಳುತ್ತದೆ. ಅಂಗಿ ಮಾತ್ರ ಹಳೆಯದಿರಲಿ.

ತುಂಗೆ_ಮಿಶಿಗನ್:

ಬಂದೆ ಬಂದೆ. ನಿನ್ನೆ ಸಂಜೆ ಮತ್ತೆ ಮಾಡಿದೆ, ಹಳೇ ಡೆಟ್ರಾಯಿಟ್ ಅಕ್ಕ ಹೇಳಿದ ಹಾಗೇ. ಕಾರ್ನ್‌ಸ್ಟಾರ್ಚ್ ಹೊಸ ಡಬ್ಬ ತಂದೆ. ಮಬ್ಬು ಹೋಗಿ ಹೊಳಪು ಬರುತ್ತದೆ ಅಂದಿರಲ್ಲ, ಅದನ್ನು ನೋಡೋಕೇ ಒಲೆ ಮುಂದೆ ನಿಂತಿದ್ದೆ. ಒಂದು ಕ್ಷಣ ಸ್ಟ್ರಾಬೆರಿ ಹಾಲಿನ ಹಾಗಿದ್ದದ್ದು ಪಟ್ಟನೆ ತಿಳಿಯಾಯಿತು. 28 ನಿಮಿಷಕ್ಕೆ ನಡುವಿನ ಉಂಡೆ ಎತ್ತಿ ನೋಡಿದೆ, ಇನ್ನೂ ಸ್ವಲ್ಪ ಅಂಟಿತ್ತು, ಮತ್ತೆ 5 ನಿಮಿಷ ಇಟ್ಟೆ. ನಮ್ಮ ಅವನ್ ಹಳೆಯದು, ಅದಕ್ಕಿರಬಹುದು. ಅರ್ಧ ಗಂಟೆ ಕಾಯುವುದು ನಮ್ಮ ಮನೆಯವರಿಗೆ ಆಗಲಿಲ್ಲ, 20 ನಿಮಿಷಕ್ಕೇ ಚಮಚ ಹಾಕಿದರು. ರಸ ಹರಿಯಲಿಲ್ಲ, ಮೆಲ್ಲಗೆ ಜಾರಿ ನಿಂತಿತು.

ಅತ್ತೆ ಮೊದಲು "ಗೊಜ್ಜಿನ ಮೇಲೆ ಇಡ್ಲಿ ಇಟ್ಟ ಹಾಗಿದೆ" ಅಂದರು. ಐಸ್ ಕ್ರೀಮ್ ಹಾಕಿಕೊಟ್ಟರೆ ಬೇಡ ಅಂತ ಪಕ್ಕಕ್ಕೆ ಸರಿಸಿ ಗಟ್ಟಿ ಮೊಸರು ಹಾಕಿಕೊಂಡರು. ಎರಡನೇ ಸಲವೂ ಹಾಕಿಸಿಕೊಂಡರು, ಇವತ್ತು ಬೆಳಿಗ್ಗೆ ಕಾಫಿ ಜೊತೆ ಉಳಿದದ್ದನ್ನೂ ಮುಗಿಸಿದ್ದಾರೆ.

ಬೀಜ ತೆಗೆಯೋ ಕೆಲಸ ಅವರದೇ. ಬಾಟಲಿ ಗೀಟಲಿ ಏನೂ ಇಲ್ಲ, ತುರುಬಿನ ಪಿನ್ನು ಬಿಸಿನೀರಿಗೆ ಹಾಕಿ ತೊಳೆದು, ತೊಟ್ಟಿನ ಕಡೆಯಿಂದ ತೂರಿಸಿ ಮೀಟಿದರೆ ಬೀಜ ಟಪ್ ಅಂತ ಹೊರಗೆ. ಧಾರಾವಾಹಿ ಮುಗಿಯುವಷ್ಟರಲ್ಲಿ ಒಂದು ಪಾತ್ರೆ ಮುಗಿಸಿದರು. ಈಗ ಆ ಬೀಜಗಳನ್ನು ಎಸೆಯೋಕೆ ಬಿಡುತ್ತಿಲ್ಲ. ಏನಾದರೂ ಮಾಡಬಹುದಾ?

ಹಳೇ_ಡೆಟ್ರಾಯಿಟ್:

ಒಡೆದು ಒಳಗಿನ ತಿರುಳು ತಿನ್ನಬೇಡಿ, ಅದರಿಂದ ಸಯನೈಡ್ ಆಗುತ್ತದೆ. ಮೊದಲೇ ಹೇಳಿಬಿಡು ಅವರಿಗೆ, ಹಲಸಿನ ಬೀಜ ಸುಟ್ಟು ತಿಂದ ಅಭ್ಯಾಸ ಇರುತ್ತದೆ. ಅಂಟಿದ ತಿರುಳು ಹೋಗುವವರೆಗೆ ಕುದಿಸಿ ತೊಳೆದು, ಬಿಸಿಲಲ್ಲಿ ನಾಲ್ಕು ದಿನ ಚೆನ್ನಾಗಿ ಒಣಗಿಸಿ, ಹತ್ತಿ ಬಟ್ಟೆಯ ಚೀಲಕ್ಕೆ ತುಂಬಿ ಹೊಲಿಯಿರಿ. ಮೈಕ್ರೋವೇವ್‌ನಲ್ಲಿ ಒಂದು ನಿಮಿಷ ಇಟ್ಟರೆ ಮಂಡಿಗೆ ಶಾಖ ಕೊಡೋಕೆ ಆಗುತ್ತದೆ. ನನ್ನದು ಆರು ವರ್ಷದಿಂದ ಇದೆ. ಪೂರ್ತಿ ಒಣಗಿರಬೇಕು ಅಷ್ಟೇ, ಜಾಸ್ತಿ ಹೊತ್ತು ಇಟ್ಟರೆ ಸುಟ್ಟುಹೋಗುತ್ತದೆ.

ತುಂಗೆ_ಮಿಶಿಗನ್:

ಮಂಡಿ ಅಂದದ್ದೇ ತಡ, ಹಳೇ ಸೀರೆ ಹುಡುಕೋಕೆ ಹೋಗಿದ್ದಾರೆ. ಬೀಜ ಸಾಲಲ್ಲ, ಶನಿವಾರ ಮತ್ತೆ ತೋಟಕ್ಕೆ ಹೋಗೋಣ ಅನ್ನುತ್ತಿದ್ದಾರೆ.